ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಉಚಿತ ಸೈಟು: ದುಡ್ಡಿಗೋ, ಪ್ರೀತಿಗೋ?

ಇದು ಒಂದು ವೆಬ್‌ಸೈಟಿನ ಕಥೆ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪುಕ್ಕಟೆ ಕೊಡುವ ಸೈಟು. ಶುರು ಮಾಡಿದವರು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರು. ನಾನು ಅವರ ಹಳೆಯ ವಿದ್ಯಾರ್ಥಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸೈಟಿನ ತಾಂತ್ರಿಕ ಕೆಲಸವೆಲ್ಲ ನನ್ನದು. ಊರು, ಶಾಲೆ, ಸೈಟು ಯಾವುದರ ಹೆಸರನ್ನೂ ಬರೆಯುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಾಯಿಸಿದ್ದೇನೆ. ಅವರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ.

ಪುಕ್ಕಟೆ ಸೈಟು ನಡೆಸುವವರನ್ನೆಲ್ಲ ಜನ ಒಂದಲ್ಲ ಒಂದು ದಿನ ಕೇಳುತ್ತಾರೆ: "ಇದರಿಂದ ನಿಮಗೇನು ಸಿಗುತ್ತೆ?" ದುಡ್ಡು ಬರ್ತಿರಬೇಕು, ಇಲ್ಲದಿದ್ದರೆ ಹುಚ್ಚು ಇರಬೇಕು ಅನ್ನುವ ಧಾಟಿಯಲ್ಲಿ. ನಮ್ಮ ಸೈಟು ಈ ಎರಡರ ನಡುವೆ ಹಲವು ಸಲ ಓಲಾಡಿತು. ಒಂದೆರಡು ಸಲ ತಪ್ಪು ಕಡೆ ವಾಲಿತು ಕೂಡ. ಬೇರೆಯವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಮೇಷ್ಟ್ರ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು. ಅದರ ತುಂಬ ಪ್ರಶ್ನೆಪತ್ರಿಕೆಗಳು. ಪ್ರತಿ ವರ್ಷ ಪರೀಕ್ಷೆ ಮುಗಿದ ಸಂಜೆ ಯಾರಾದರೂ ಹುಡುಗನ ಹತ್ತಿರ ಕೇಳಿ ಪತ್ರಿಕೆ ಇಸಿದುಕೊಂಡು ಇಡುತ್ತಿದ್ದರು. ಪೆನ್ಸಿಲ್ ಗುರುತು ಇಲ್ಲದ ಪ್ರತಿ ಸಿಗುವುದೇ ಕಷ್ಟ. ಮಕ್ಕಳು ಪತ್ರಿಕೆ ಮೇಲೇ ಲೆಕ್ಕ ಮಾಡಿರುತ್ತಾರೆ, ಬಂದ ಪ್ರಶ್ನೆಗೆ ಟಿಕ್ ಹಾಕಿರುತ್ತಾರೆ. ಮೇಷ್ಟ್ರು ಕೂತು ರಬ್ಬರಿನಿಂದ ಅವನ್ನೆಲ್ಲ ಅಳಿಸಿ, ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಮಡಿಕೆ ಬಿಡಿಸಿ ಟ್ರಂಕಿಗೆ ಹಾಕುತ್ತಿದ್ದರು.

ಜನವರಿ ಬಂತೆಂದರೆ ಆ ಟ್ರಂಕಿಗೆ ಬೇಡಿಕೆ. ಮಕ್ಕಳು ಒಯ್ದು ಜೆರಾಕ್ಸ್ ಮಾಡಿಸುತ್ತಿದ್ದರು. ಕೆಲವು ಪತ್ರಿಕೆ ವಾಪಸ್ ಬರುತ್ತಿರಲಿಲ್ಲ. 2011ರಲ್ಲಿ ಮೇಷ್ಟ್ರು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಂಟರ್ನೆಟ್ಟಿಗೆ ಹಾಕಿದರು. ಒಮ್ಮೆ ಹಾಕಿದರೆ ಮತ್ತೆ ಕಳೆದುಹೋಗಲ್ಲ ಅಲ್ವಾ ಅನ್ನುವುದಷ್ಟೇ ಅವರ ಲೆಕ್ಕ. ಇಂಗ್ಲಿಷ್ ಮಾಧ್ಯಮದವರಿಗೆ ಇಂಥ ಸೈಟುಗಳು ಆಗಲೇ ಬೇಕಾದಷ್ಟಿದ್ದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದೇ ಕಡೆ ಎಲ್ಲ ಸಿಗುವ ಜಾಗ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

2013ರಲ್ಲಿ ನಾನು ಕೈಜೋಡಿಸಿದೆ. ಸ್ವಂತ ಡೊಮೈನ್, ಅಂದರೆ ಸೈಟಿನ ವಿಳಾಸ ಕೊಂಡೆವು, ಬಾಡಿಗೆ ಸರ್ವರಿನಲ್ಲಿ ಜಾಗ ತೆಗೆದುಕೊಂಡೆವು. ಮೇಷ್ಟ್ರ ಮನೆಯವರು ಮನೆ ಖರ್ಚಿನ ಪುಸ್ತಕ ಬರೆಯುತ್ತಾರೆ. ಆ ವರ್ಷ ಅದರಲ್ಲಿ ಗ್ಯಾಸ್ ಸಿಲಿಂಡರ್ ಮತ್ತು ಹಾಲಿನ ಲೆಕ್ಕದ ನಡುವೆ ಹೊಸದೊಂದು ಸಾಲು ಬಂತು: "ವೆಬ್‌ಸೈಟು – 4,200". ನಾನು ಅರ್ಧ ಕೊಡುತ್ತೇನೆ ಅಂದೆ. "ನೀನು ಕೆಲಸ ಮಾಡ್ತಿದ್ದೀಯಲ್ಲಪ್ಪ, ದುಡ್ಡೂ ನೀನೇ ಹಾಕೋದು ಬೇಡ" ಅಂದರು.

ತೊಂದರೆ

2014ರ ಮಾರ್ಚ್ ಕೊನೆ. ಗಣಿತದ ಪರೀಕ್ಷೆಗೆ ಮೂರು ದಿನ ಇತ್ತು. ಸೈಟು ನಿಂತುಹೋಯಿತು. "ಮಿತಿ ಇಲ್ಲ" ಅಂತ ಹೇಳಿ ಜಾಗ ಮಾರಿದ್ದ ಕಂಪನಿ, ನೀವು ಜಾಸ್ತಿ ಬಳಸುತ್ತಿದ್ದೀರಿ ಅಂತ ಖಾತೆಗೇ ಬೀಗ ಹಾಕಿತ್ತು. ರಾತ್ರಿಯಿಡೀ ಮೇಷ್ಟ್ರ ಫೋನು ಬಡಿದುಕೊಳ್ಳುತ್ತಿತ್ತು. ಎರಡರಷ್ಟು ದುಡ್ಡು ಕಟ್ಟಿ ದೊಡ್ಡ ಪ್ಲಾನಿಗೆ ಹೋದೆವು. ಸೈಟು ಎದ್ದಾಗ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು.

ಈ ಥರದ ಸೈಟಿನ ಸ್ವಭಾವವೇ ಹಾಗೆ. ಒಂಬತ್ತು ತಿಂಗಳು ಯಾರೂ ಇಣುಕುವುದಿಲ್ಲ. ಉಳಿದ ಮೂರು ತಿಂಗಳು ಜಾತ್ರೆ. ಜಾತ್ರೆ ದಿನದ ಲೆಕ್ಕಕ್ಕೆ ಜಾಗ ಹಿಡಿಯಬೇಕು, ಬಾಡಿಗೆ ಮಾತ್ರ ವರ್ಷಪೂರ್ತಿ ಕಟ್ಟಬೇಕು. ಆ ವರ್ಷ ಖರ್ಚು ಹತ್ತು ಸಾವಿರ ದಾಟಿತು. ಮೇಷ್ಟ್ರು ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಖರ್ಚಿನ ಪುಸ್ತಕ ಕಣ್ಣ ಮುಂದೆ ಬರುತ್ತಿತ್ತು. ಆಗ ನಾನೇ ಜಾಹೀರಾತಿನ ಮಾತು ಎತ್ತಿದೆ.

ಜಾಹೀರಾತು ಹಾಕಿ ನೋಡಿದ್ದು

ಅರ್ಜಿ ಹಾಕುವಾಗಲೇ ಮೊದಲ ಪೆಟ್ಟು ಬಿತ್ತು. ಆ ಜಾಹೀರಾತು ಕಂಪನಿ ಒಪ್ಪುವ ಭಾಷೆಗಳ ಪಟ್ಟಿಯಲ್ಲಿ ಆಗ ಕನ್ನಡ ಇರಲಿಲ್ಲ. ಪುಟ ಕನ್ನಡದಲ್ಲಿದ್ದರೆ ಅರ್ಜಿಯೇ ತಿರಸ್ಕಾರ. ನಾನು ಏನು ಮಾಡಿದೆ ಗೊತ್ತಾ? ಪುಟದ ತಲೆಬರಹಗಳನ್ನೆಲ್ಲ ಇಂಗ್ಲಿಷಿಗೆ ಬದಲಾಯಿಸಿದೆ. "ಗಣಿತ, ಏಪ್ರಿಲ್ 2013" ಅಂತ ಇದ್ದದ್ದು "ಮ್ಯಾಥ್ಸ್ ಕ್ವೆಶ್ಚನ್ ಪೇಪರ್" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬಂತು. ಒಳಗಿನ ಪತ್ರಿಕೆ ಕನ್ನಡದ್ದೇ, ಬಾಗಿಲಿನ ಬೋರ್ಡು ಮಾತ್ರ ಇಂಗ್ಲಿಷ್. ಅರ್ಜಿ ಪಾಸಾಯಿತು.

ಈಗ ಹಿಂತಿರುಗಿ ನೋಡಿದರೆ ಸೈಟು ದಾರಿ ಬದಲಿಸಿದ್ದು ಅಲ್ಲೇ. ಒಂದು ರೂಪಾಯಿಯೂ ಬರುವ ಮೊದಲು! ಕನ್ನಡ ಮಾಧ್ಯಮದ ಮಕ್ಕಳಿಗೆ ಅಂತಲೇ ಕಟ್ಟಿದ ಸೈಟಿನ ಮುಖಪುಟದಲ್ಲಿ ಕನ್ನಡ ಇಲ್ಲದ ಹಾಗೆ ಮಾಡಿದೆ. ಆಗ ಅದು ದೊಡ್ಡ ವಿಷಯ ಅಂತ ನನಗೆ ಅನ್ನಿಸಲೇ ಇಲ್ಲ. ಮೇಷ್ಟ್ರು ಒಂದೇ ಮಾತು ಕೇಳಿದರು, "ಹಳ್ಳಿ ಮಕ್ಕಳಿಗೆ ಗೊತ್ತಾಗುತ್ತೇನೋ?" ಗೊತ್ತಾಗುತ್ತೆ ಸಾರ್ ಅಂದುಬಿಟ್ಟೆ.

ಇನ್ನೊಂದು ತೊಡಕು ಇತ್ತು. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಬೇರೆ ವ್ಯವಹಾರ ಮಾಡುವ ಹಾಗಿಲ್ಲ, ನಡತೆ ನಿಯಮಗಳಲ್ಲೇ ಇದೆ. ಹಾಗಾಗಿ ಖಾತೆ ನನ್ನ ಹೆಸರಿನಲ್ಲಿ ತೆರೆದೆವು. ಬಂದ ದುಡ್ಡು ನನಗೆ, ಸರ್ವರ್ ಬಾಡಿಗೆ ಕಟ್ಟುವುದೂ ನಾನೇ. ಆದರೂ ಸ್ಟಾಫ್‌ರೂಮಿನಲ್ಲಿ ಮಾತು ಶುರುವಾಯಿತು: "ಮೇಷ್ಟ್ರು ಮಕ್ಕಳ ಹೆಸರಲ್ಲಿ ದುಡ್ಡು ಮಾಡ್ತಿದ್ದಾರೆ." ನಿಜ ಏನೆಂದರೆ 100 ಡಾಲರ್ ಕೂಡುವವರೆಗೆ ಆ ಕಂಪನಿ ದುಡ್ಡು ಕಳಿಸುತ್ತಿರಲಿಲ್ಲ, ನಮಗೆ ಅಷ್ಟು ಕೂಡಲು ಏಳು ತಿಂಗಳು ಹಿಡಿದಿತ್ತು. ಪೈಸೆ ಕೈಗೆ ಬರುವ ಮೊದಲೇ ಕೆಟ್ಟ ಹೆಸರು ಬಂದಿತ್ತು.

ಬಾಡಿಗೆಗೆ ಸಾಲುವಷ್ಟು ಬರಲಿ ಅಂತ ಪುಟಕ್ಕೆ ಒಂದಿದ್ದ ಜಾಹೀರಾತನ್ನು ಮೂರು ಮಾಡಿದೆ. ಒಂದನ್ನು ಪತ್ರಿಕೆ ಇಳಿಸಿಕೊಳ್ಳುವ ಗುಂಡಿಯ ಪಕ್ಕದಲ್ಲೇ ಇಟ್ಟೆ. ಕಣ್ಣು ಬೀಳುವುದು ಅಲ್ಲೇ ಅಂತ ಗೊತ್ತಿತ್ತು.

2016ರ ಫೆಬ್ರುವರಿಯಲ್ಲಿ ಹಾಸ್ಟೆಲಿನ ಒಬ್ಬ ಹುಡುಗಿ ಮೇಷ್ಟ್ರಿಗೆ ಫೋನ್ ಮಾಡಿದಳು. "ಸಾರ್, ಗಣಿತದ ಪೇಪರ್ ಒತ್ತಿದ್ರೆ ಯಾವುದೋ ಆಟ ಇಳೀತಿದೆ. ಅಪ್ಪ ಹಾಕಿಸಿದ್ದ ನೆಟ್ ಪ್ಯಾಕ್ ಪೂರಾ ಖಾಲಿಯಾಯ್ತು." ಆಗಿನ್ನೂ ನೆಟ್ ಅಗ್ಗ ಆಗಿರಲಿಲ್ಲ. ಒಂದು ಪ್ಯಾಕ್ ಹಾಕಿಸಿದರೆ ಮನೆಮಂದಿಯೆಲ್ಲ ತಿಂಗಳು ತೂಗಿಸುತ್ತಿದ್ದ ಕಾಲ. ನಾನು ಸೈಟು ತೆರೆದು ನೋಡಿದೆ. ನಮ್ಮ ಗುಂಡಿ ಸಣ್ಣದು, ಬೂದು ಬಣ್ಣ. ಪಕ್ಕದಲ್ಲಿ ದಪ್ಪ ಹಸಿರು ಗುಂಡಿ, ಅದರ ಮೇಲೆ ಇಂಗ್ಲಿಷಿನಲ್ಲಿ "ಡೌನ್‌ಲೋಡ್". ಅದು ಜಾಹೀರಾತು. ನನ್ನನ್ನೇ ಕೂರಿಸಿದ್ದರೂ ಮೊದಲು ಅದನ್ನೇ ಒತ್ತುತ್ತಿದ್ದೆ.

ಆ ಜಾಹೀರಾತನ್ನು ತಡೆದೆ. ಎರಡು ದಿನದಲ್ಲಿ ಬೇರೆ ಹೆಸರಿನಲ್ಲಿ ಅದೇ ಹಸಿರು ಗುಂಡಿ ಬಂತು. ಅದನ್ನೂ ತಡೆದೆ, ಮತ್ತೊಂದು ಬಂತು. ಯಾವ ಜಾಹೀರಾತು ಬರಬೇಕು ಅನ್ನುವುದು ನಮ್ಮ ಕೈಯಲ್ಲಿ ಇರಲಿಲ್ಲ. ಮಕ್ಕಳು ಜಾಸ್ತಿ ಮೋಸ ಹೋದಷ್ಟೂ ನಮ್ಮ ಖಾತೆಗೆ ಜಾಸ್ತಿ ದುಡ್ಡು. ಇದನ್ನು ಮೇಷ್ಟ್ರಿಗೆ ಬಿಡಿಸಿ ಹೇಳಿದ ದಿನ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿಗೆ ರೀಚಾರ್ಜ್ ಮಾಡಿಸು. ಇವತ್ತೇ ಎಲ್ಲ ತೆಗೆದುಬಿಡು" ಅಂದರು. ತೆಗೆದೆ. ಅದೇ ರಾತ್ರಿ ತಲೆಬರಹಗಳನ್ನೂ ವಾಪಸ್ ಕನ್ನಡಕ್ಕೆ ತಂದೆ.

ದೇಣಿಗೆ, ಆಮೇಲೆ ಒಂದು ದೊಡ್ಡ ಮೊತ್ತ

ದೇಣಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2017ರಲ್ಲಿ "ಈ ಸೈಟಿಗೆ ನೆರವಾಗಿ" ಅಂತ ಒಂದು ಸಾಲು ಹಾಕಿದೆವು. ಹತ್ತು ರೂಪಾಯಿ, ಹನ್ನೊಂದು ರೂಪಾಯಿ ಬಂದವು. ಮನಸ್ಸಿಗೆ ತುಂಬ ಹಿತವಾಯಿತು, ಬಾಡಿಗೆಗೆ ಸಾಲಲಿಲ್ಲ. ನಮ್ಮ ಓದುಗರು ಹದಿನೈದು ವರ್ಷದ ಮಕ್ಕಳು, ಅವರ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ತಪ್ಪದೆ ಕೊಟ್ಟದ್ದು ಒಬ್ಬರೇ: ಶಾಲೆ ಎದುರಿನ ಜೆರಾಕ್ಸ್ ಅಂಗಡಿಯವರು. ನಮ್ಮ ಸೈಟಿನಿಂದ ಪತ್ರಿಕೆ ಇಳಿಸಿ, ಪ್ರಿಂಟ್ ಹಾಕಿ, ಪಿನ್ ಹೊಡೆದು ಮಾರುತ್ತಿದ್ದರು. ವರ್ಷಕ್ಕೊಮ್ಮೆ ಐನೂರು ರೂಪಾಯಿ ತಂದು ಮೇಷ್ಟ್ರ ಕೈಗೆ ಇಡುತ್ತಿದ್ದರು. ಅವರು ಲಾಭ ಮಾಡುತ್ತಿದ್ದರು, ಹೌದು. ಆದರೆ ಫೋನು ಇಲ್ಲದ ಮಕ್ಕಳಿಗೆ ಪತ್ರಿಕೆ ಮುಟ್ಟುತ್ತಿದ್ದದ್ದೇ ಅವರಿಂದ. ಲಾಭ ಅಂದ ಕೂಡಲೇ ಮೂಗು ಮುರಿಯಬಾರದು ಅಂತ ನಾನು ಕಲಿತದ್ದು ಅವರನ್ನು ನೋಡಿ.

2019ರ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕೋಚಿಂಗ್ ಕಂಪನಿಯವರು ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ಸೈಟು ಕೊಳ್ಳುತ್ತೇವೆ, ಆರು ಲಕ್ಷ ಕೊಡುತ್ತೇವೆ, ನಿಮ್ಮ ಹೆಸರು ಹಾಗೇ ಇರಲಿ, ಪತ್ರಿಕೆಗಳು ಪುಕ್ಕಟೆಯೇ ಇರಲಿ ಅಂದರು. ಒಂದೇ ಒಂದು ಬದಲಾವಣೆ: ಪತ್ರಿಕೆ ಇಳಿಸುವ ಮೊದಲು ಮಕ್ಕಳು ಹೆಸರು, ಮೊಬೈಲ್ ನಂಬರ್ ತುಂಬಬೇಕು.

ಆ ವರ್ಷ ಮೇಷ್ಟ್ರ ಮಗಳು ಇಂಜಿನಿಯರಿಂಗ್ ಸೇರುವವಳಿದ್ದಳು. ಆರು ಲಕ್ಷ ಅಂದರೆ ಸಣ್ಣ ಮಾತಲ್ಲ. ನಾನು ಒಪ್ಪಿಕೊಳ್ಳಿ ಅಂದೆ. ಎಂಟು ವರ್ಷ ದುಡಿದದ್ದಕ್ಕೆ ಏನಾದರೂ ಸಿಗಲಿ ಅಂತ ಮನಸಾರೆ ಹೇಳಿದೆ, ಈಗಲೂ ಅದಕ್ಕೆ ನಾಚಿಕೆ ಇಲ್ಲ. ಮೇಷ್ಟ್ರ ಮನೆಯವರು ಮಾತ್ರ, "ನಂಬರ್ ತಗೊಂಡು ಅವರು ಏನು ಮಾಡ್ತಾರಂತೆ?" ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮೇಷ್ಟ್ರು ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮಾರನೇ ದಿನ ಹತ್ತನೇ ತರಗತಿಗೆ ಹೋಗಿ ಒಂದೊಂದು ಚೀಟಿ ಹಂಚಿದರು. "ಒಂದು ಸೈಟಲ್ಲಿ ಪತ್ರಿಕೆ ಬೇಕಾದ್ರೆ ಹೆಸರು, ಮೊಬೈಲ್ ನಂಬರ್ ಕೇಳುತ್ತೆ ಅಂತ ಇಟ್ಕೊಳ್ಳಿ. ಏನು ಬರೀತೀರೋ ಬರೀರಿ." 42 ಚೀಟಿ ವಾಪಸ್ ಬಂದವು. ಸಂಜೆ ನನಗೆ ಫೋನಿನಲ್ಲಿ ಒಂದೊಂದಾಗಿ ಓದಿ ಹೇಳಿದರು. ಹೆಚ್ಚಿನವರು ಅಪ್ಪನ ನಂಬರ್ ಬರೆದಿದ್ದರು. ಒಂದಷ್ಟು ಜನ ಜೆರಾಕ್ಸ್ ಅಂಗಡಿಯ ನಂಬರ್ ಬರೆದಿದ್ದರು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನ ಖಾಲಿ ಬಿಟ್ಟಿದ್ದರು. ಒಂದು ಚೀಟಿಯಲ್ಲಿ ಹೀಗಿತ್ತು: "ನಂಬರ್ ಕೊಟ್ಟರೆ ಮನೆಯಲ್ಲಿ ಬೈತಾರೆ ಸಾರ್. ಪೇಪರ್ ಬೇಡ."

ಕೊನೆಯ ಎರಡು ಪದ ಓದಿ ಮೇಷ್ಟ್ರು ನಿಲ್ಲಿಸಿದರು. ಕಂಪನಿಯವರಿಗೆ ಆ ವಾರವೇ ಬೇಡ ಅಂತ ತಿಳಿಸಿದರು. ಮಗಳ ಫೀಸಿಗೆ ಬ್ಯಾಂಕ್ ಸಾಲ ಮಾಡಿದರು.

ಈಗಾದರೆ ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ವಿವರ ಪಡೆಯಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಮಕ್ಕಳ ಬೆನ್ನು ಹತ್ತಿ, ಅವರು ಏನು ನೋಡುತ್ತಾರೆ ಅಂತ ತಿಳಿದು ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದೂ ಕೂಡದು ಅನ್ನುತ್ತದೆ. ಆದರೆ ನಾವು ತೀರ್ಮಾನ ತೆಗೆದುಕೊಂಡಾಗ ಕಾಯ್ದೆ ಇರಲಿಲ್ಲ. ಇದ್ದದ್ದು 42 ಚೀಟಿ.

ಕೊನೆಗೆ ಕೈಹಿಡಿದದ್ದು

ದುಡ್ಡು ತರುವ ದಾರಿಗಳೆಲ್ಲ ಮುಗಿದ ಮೇಲೆ ನಾನು ಮೊದಲ ಸಲ ಬೇರೆ ಪ್ರಶ್ನೆ ಕೇಳಿಕೊಂಡೆ. ಖರ್ಚು ಯಾಕೆ ಇಷ್ಟಾಗುತ್ತಿದೆ? ಐದು ವರ್ಷ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ನಾನು ದಿನವೂ ಇದೇ ಕೆಲಸ ಮಾಡುವವನಾಗಿಯೂ!

ಉತ್ತರ ಬಹಳ ಸುಲಭ ಇತ್ತು. ನಾಲ್ಕು ಪುಟದ ಒಂದು ಪತ್ರಿಕೆ ಆರು ಎಂಬಿ ತೂಗುತ್ತಿತ್ತು. ಕಾರಣ, ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರು. ಕಾಗದದ ಹಳದಿ, ಮಡಿಕೆಯ ನೆರಳು, ಅಳಿಸಿದ ಪೆನ್ಸಿಲಿನ ಮಸಿ ಎಲ್ಲ ಫೈಲಿನಲ್ಲಿ ಕೂತಿತ್ತು. ಬರೀ ಕಪ್ಪು ಬಿಳುಪು ಮಾಡಿದರೆ ಅದೇ ಪತ್ರಿಕೆ 250 ಕೆಬಿ. ಓದಲು ಇನ್ನೂ ಸ್ಪಷ್ಟ. ಎರಡು ಶನಿವಾರ, ಎರಡು ಭಾನುವಾರ ಕೂತು ಎಲ್ಲ ಪತ್ರಿಕೆಗಳನ್ನು ಹೀಗೆ ಮಾಡಿದೆ. ಡೇಟಾಬೇಸ್ ಗೀಟಾಬೇಸ್ ಎಲ್ಲ ತೆಗೆದು ಸಾದಾ ಪುಟಗಳನ್ನು ಇಟ್ಟೆ. ಅಷ್ಟು ಹಗುರವಾದ ಸೈಟನ್ನು ಪುಕ್ಕಟೆ ಇಟ್ಟುಕೊಳ್ಳುವ ಸೇವೆಗಳು ಸಿಕ್ಕವು. ಆ ಸೇವೆ ಕೊಡುವವರೂ ಲಾಭಕ್ಕೆ ನಡೆಯುವ ಕಂಪನಿಗಳೇ ಅನ್ನುವುದನ್ನು ಮರೆಯಬಾರದು. ನಮ್ಮ ಪ್ರೀತಿಯ ಸೈಟು ನಿಂತಿರುವುದು ಇನ್ಯಾರದೋ ವ್ಯಾಪಾರದ ಚಾವಡಿಯಲ್ಲಿ. ಅವರು ನಾಳೆ ಎಬ್ಬಿಸಿದರೆ ಬೇರೆ ಕಡೆ ಹೋಗಲು ಚೀಲ ಕಟ್ಟಿಟ್ಟುಕೊಂಡೇ ಇರಬೇಕು. ವರ್ಷದ ಖರ್ಚು ಈಗ ಡೊಮೈನಿನ ಒಂದು ಸಾವಿರದ ಆಸುಪಾಸು.

ಮಕ್ಕಳಿಗೂ ಲಾಭವಾಯಿತು. ಆರು ಎಂಬಿ ನೆಟ್ ಖರ್ಚಾಗುತ್ತಿದ್ದ ಕಡೆ ಕಾಲು ಎಂಬಿ. ಈ ಕೆಲಸ 2014ರಲ್ಲೇ ಮಾಡಿದ್ದರೆ ಜಾಹೀರಾತು ಬೇಕಾಗುತ್ತಿರಲಿಲ್ಲ, ಹಸಿರು ಗುಂಡಿ ಬರುತ್ತಿರಲಿಲ್ಲ. ಇದು ನನ್ನ ತಪ್ಪು.

ನಿಜವಾದ ಪರೀಕ್ಷೆ 2021ರಲ್ಲಿ ಬಂತು. ಕೋವಿಡ್‌ನಿಂದಾಗಿ ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ ಮುಗಿಸಿದರು. ಒಂದು ದಿನ ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ದಿನ ಮೂರು ಭಾಷೆ. ಎಲ್ಲ ಬಹು ಆಯ್ಕೆ ಪ್ರಶ್ನೆ, ಉತ್ತರದ ವೃತ್ತಕ್ಕೆ ಮಸಿ ತುಂಬುವ ಓಎಂಆರ್ ಹಾಳೆ. ನಮ್ಮ ಹತ್ತು ವರ್ಷದ ಪತ್ರಿಕೆಗಳು ಒಂದೇ ಏಟಿಗೆ ಕೆಲಸಕ್ಕೆ ಬಾರದ ಹಾಗಾದವು. ಮೇಷ್ಟ್ರು ಪರಿಚಯದ ಶಿಕ್ಷಕರಿಗೆಲ್ಲ ಹೊಸ ನಮೂನೆಯ ಮಾದರಿ ಪತ್ರಿಕೆ ಮಾಡಿಕೊಡಿ ಅಂತ ಕೇಳಿದರು. 11 ಜನ ಒಪ್ಪಿದರು. ಅವರಲ್ಲಿ ಒಬ್ಬ ಮೇಡಂ ಒಪ್ಪುವ ಮೊದಲು, "ಸಾರ್, ನಿಮ್ಮ ಸೈಟಲ್ಲಿ ಜಾಹೀರಾತು ಇದೆಯಾ? ಇದ್ರೆ ನಾನು ಮಾಡಲ್ಲ" ಅಂದರಂತೆ. ಇಲ್ಲ ಅನ್ನಲು ಮೇಷ್ಟ್ರಿಗೆ ಬಾಯಿ ಇತ್ತು. ಆರು ಲಕ್ಷ ತಗೊಂಡಿದ್ದರೆ ಇರುತ್ತಿರಲಿಲ್ಲ.

ಆ ಮೇಡಂ ಕೇಳಿದ ಮಾತು ಹೊಸದಲ್ಲ. 2002ರ ಫೆಬ್ರುವರಿಯಲ್ಲಿ ಸ್ಪ್ಯಾನಿಶ್ ವಿಕಿಪೀಡಿಯಾದ ಹಲವು ಬರಹಗಾರರು ಅದನ್ನು ಬಿಟ್ಟು ತಮ್ಮದೇ ಬೇರೆ ವಿಶ್ವಕೋಶ ಕಟ್ಟಿಕೊಂಡರು. ಜಾಹೀರಾತು ಹಾಕಿರಲಿಲ್ಲ. ಹಾಕಬಹುದು ಅನ್ನುವ ಮಾತು ಬಂದಿತ್ತು. ಬೇರೆ ಅಸಮಾಧಾನಗಳೂ ಇದ್ದವು, ಆದರೆ ಮನಸ್ಸು ಮುರಿದ ದೊಡ್ಡ ಕಾರಣ ಅದು. ಅದೇ ವರ್ಷ ವಿಕಿಪೀಡಿಯಾ ತನ್ನ ವಿಳಾಸವನ್ನು ವ್ಯಾಪಾರದವರ ಡಾಟ್ ಕಾಮ್‌ನಿಂದ, ಲಾಭಕ್ಕಲ್ಲದ ಸಂಸ್ಥೆಗಳು ಹೆಚ್ಚಾಗಿ ಬಳಸುವ ಡಾಟ್ ಆರ್ಗ್‌ಗೆ ಬದಲಾಯಿಸಿತು. ಇವತ್ತಿಗೂ ಅಲ್ಲಿ ಜಾಹೀರಾತು ಇಲ್ಲ, ದೇಣಿಗೆಯಿಂದ ನಡೆಯುತ್ತಿದೆ. ಪುಕ್ಕಟೆ ಕೆಲಸ ಮಾಡುವವರಿಗೆ ತಮ್ಮ ಬೆವರನ್ನು ಯಾರೂ ಮಾರಿಕೊಳ್ಳುವುದಿಲ್ಲ ಅನ್ನುವ ಭರವಸೆ ಬೇಕು. ಆ ಭರವಸೆ ಇದ್ದದ್ದಕ್ಕೇ 11 ಜನ ಸೇರಿ ಪರೀಕ್ಷೆಗೆ ಮೊದಲೇ ಎಲ್ಲ ವಿಷಯಕ್ಕೂ ಪತ್ರಿಕೆ ಮಾಡಿ ಮುಗಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಸೈಟು ಒಂದು ಕ್ಷಣವೂ ನಿಲ್ಲಲಿಲ್ಲ.

ಇದರಿಂದ ನನಗೆ ತಿಳಿದದ್ದು

ದುಡ್ಡಿಗೋ ಪ್ರೀತಿಗೋ ಅನ್ನುವುದನ್ನು ಸೈಟು ಶುರು ಮಾಡಿದವರ ಮನಸ್ಸಿನಲ್ಲಿ ಹುಡುಕಬಾರದು. ಮೇಷ್ಟ್ರ ಮನಸ್ಸು 2011ರಲ್ಲೂ 2015ರಲ್ಲೂ ಒಂದೇ ಇತ್ತು. ಸೈಟು ಒಂದೇ ಇರಲಿಲ್ಲ. 2015ರಲ್ಲಿ ಬಾಡಿಗೆ ಕಟ್ಟುತ್ತಿದ್ದವರು ಜಾಹೀರಾತಿನವರು, ಹಾಗಾಗಿ ಸೈಟು ಅವರ ಮಾತು ಕೇಳುತ್ತಿತ್ತು. ಅವರು ಬಂದು ಹೀಗೆ ಮಾಡಿ ಅಂತ ಒಂದು ದಿನವೂ ಹೇಳಲಿಲ್ಲ. ನಾನೇ ಮುಂದಾಗಿ ತಲೆಬರಹ ಬದಲಾಯಿಸಿದೆ, ನಾನೇ ಗುಂಡಿ ಪಕ್ಕ ಜಾಗ ಬಿಟ್ಟುಕೊಟ್ಟೆ. ಹಾಗಾಗಿ ಯಾರಾದರೂ ಈಗ ನನ್ನನ್ನು ಕೇಳಿದರೆ, ಮೊದಲು ಬಿಲ್ ಯಾರು ಕಟ್ಟುತ್ತಾರೆ ನೋಡಿ, ಆಮೇಲೆ ಬಿಲ್ ಇಷ್ಟು ದೊಡ್ಡದು ಯಾಕೆ ಅಂತ ನೋಡಿ ಅನ್ನುತ್ತೇನೆ. ದುಡ್ಡು ಹುಡುಕುವುದು ಅದರ ನಂತರದ ಕೆಲಸ.

ಇನ್ನೊಂದು, ಪ್ರೀತಿ ಒಬ್ಬರ ಹೆಗಲ ಮೇಲೇ ನಿಂತರೆ ಬಹಳ ದಿನ ಬಾಳುವುದಿಲ್ಲ. ಮೇಷ್ಟ್ರು 2022ರಲ್ಲಿ ನಿವೃತ್ತರಾದರು. ಮುಂದೆ ಯಾರು ಅನ್ನುವ ಪ್ರಶ್ನೆ ಬಂದಾಗ ಎರಡು ಹಳೆಯ ಸಂಗತಿಗಳನ್ನು ಅವರಿಗೆ ಹೇಳಿದೆ. ಒಂದು ಜಿಯೋಸಿಟೀಸ್, ಜನ ಪುಕ್ಕಟೆ ತಮ್ಮ ಸ್ವಂತ ಪುಟ ಕಟ್ಟಿಕೊಳ್ಳುತ್ತಿದ್ದ ಹಳೆಯ ಸೈಟು. ಲೆಕ್ಕವಿಲ್ಲದಷ್ಟು ಜನ ಪ್ರೀತಿಯಿಂದ ಕಟ್ಟಿದ ಪುಟಗಳು ಅಲ್ಲಿದ್ದವು. 1999ರಲ್ಲಿ ಯಾಹೂ ಕೊಂಡುಕೊಂಡಿತು, 2009ರಲ್ಲಿ ಮುಚ್ಚಿತು. ಇನ್ನೊಂದು ನಮ್ಮದೇ ಅಲರ್ ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದರು. 2019ರಲ್ಲಿ ಅದು ಮುಕ್ತ ಪರವಾನಗಿಯಲ್ಲಿ ಇಂಟರ್ನೆಟ್ಟಿಗೆ ಬಂತು. ಯಾರು ಬೇಕಾದರೂ ಪ್ರತಿ ಮಾಡಿಟ್ಟುಕೊಳ್ಳಬಹುದು, ಹಾಗಾಗಿ ಒಂದು ಸೈಟು ನಿಂತರೂ ನಿಘಂಟು ಉಳಿಯುತ್ತದೆ.

ಮೇಷ್ಟ್ರು ಎರಡನೆಯ ದಾರಿ ಹಿಡಿದರು. 11 ಜನರಲ್ಲಿ ನಾಲ್ವರು ಶಿಕ್ಷಕರು ಈಗ ಸೈಟು ನೋಡಿಕೊಳ್ಳುತ್ತಾರೆ. ಅವರು ಮಾಡಿದ ಮಾದರಿ ಪತ್ರಿಕೆಗಳನ್ನು ಯಾರು ಬೇಕಾದರೂ ಬಳಸಬಹುದು. ಎಲ್ಲದರ ಪ್ರತಿ ನಾಲ್ಕು ಜನರ ಕಂಪ್ಯೂಟರಿನಲ್ಲೂ ಇದೆ. ಅವರಲ್ಲಿ ಒಬ್ಬರಿಗೆ ಊರಿನ ಒಂದು ಪುಸ್ತಕದಂಗಡಿಯ ಸಣ್ಣ ಜಾಹೀರಾತು ಹಾಕಿದರೆ ತಪ್ಪೇನು ಅನ್ನಿಸುತ್ತದೆ. ನನಗೂ ಅದು ತಪ್ಪು ಅನ್ನಿಸುವುದಿಲ್ಲ. ಅಂಗಡಿಯವರು ಪರಿಚಯದವರು, ಏನು ಬರುತ್ತದೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಜಾಹೀರಾತು ಇದೆಯಾ ಅಂತ ಕೇಳಿದ್ದ ಆ ಮೇಡಂ ಒಪ್ಪಿಲ್ಲ. ಮಾತುಕತೆ ನಡೆಯುತ್ತಿದೆ.

ಮೇಷ್ಟ್ರು ಅದರಲ್ಲಿ ತಲೆ ಹಾಕುವುದಿಲ್ಲ. ಡೊಮೈನಿನ ಸಾವಿರ ರೂಪಾಯಿ ಮಾತ್ರ ಇನ್ನೂ ಅವರ ಮನೆ ಖರ್ಚಿನ ಪುಸ್ತಕದಲ್ಲೇ ಬೀಳುತ್ತದೆ, ಬಿಡುವುದಿಲ್ಲ. ಕಳೆದ ಸಲ ಗಣಿತದ ಪರೀಕ್ಷೆ ಮುಗಿದ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಕಾಫಿ ಕುಡಿಯುತ್ತಿರುವಾಗ ಗೇಟು ಸದ್ದಾಯಿತು. ಜೆರಾಕ್ಸ್ ಅಂಗಡಿಯವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಒಳಗೆ ಬಂದರು.

"ಹತ್ತು ಹುಡುಗರನ್ನ ಕೇಳಿದೆ ಮೇಷ್ಟ್ರೇ. ಪೆನ್ಸಿಲ್ ಗುರುತು ಇಲ್ದೇ ಇರೋದು ಇದೊಂದೇ."

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಪತ್ರಿಕೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ಹದಿನೇಳನೇ ಪ್ರಶ್ನೆ ಹತ್ರ ಒಂದು ಚುಕ್ಕೆ ಇದೆ" ಅಂದು ರಬ್ಬರ್ ಹುಡುಕಲು ಎದ್ದರು.